ಪಕ್ಕದ ಬೆಡ್‌ನ ತಾಯಿಯ ಮುಂದೆ ಹೇಳಬಹುದಾದ ಸಾಕ್ಷಿ

ಕೂತ್ಕೊಳ್ಳಿ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ ತೆಗೆದಿಡಿ. ಫೋನ್‌ನಲ್ಲಾದರೂ ಸರಿ, ಆದ್ರೆ ವಾಟ್ಸಾಪ್ ಮುಚ್ಚಿಡಿ. ವಾಕ್ಯಕ್ಕೆ ಆಮೇಲೆ ಬರ್ತೀನಿ. ಮೊದಲು, ಒಂದು ವರ್ಷದಿಂದ ನಾನು ಕೊಡದೇ ಉಳಿಸಿಕೊಂಡಿರುವ ಒಂದು ಸಾಕ್ಷಿಯ ವಿಷಯ ಹೇಳಬೇಕು.

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮಗಳು ಆಸ್ಪತ್ರೆಯಲ್ಲಿದ್ದಳು, ನಿಮಗೆಲ್ಲ ಗೊತ್ತು. ಆಗ ಅವಳಿಗೆ ನಾಲ್ಕು ತಿಂಗಳು. ಬರೀ ನೆಗಡಿ ಅಂದುಕೊಂಡಿದ್ವಿ. ಮೂರನೇ ದಿನ ಉಸಿರು ಎಳೆದಾಗೆಲ್ಲ ಪಕ್ಕೆ ಒಳಗೆ ಹೋಗೋಕೆ ಶುರುವಾಯ್ತು. ಡಾಕ್ಟರ್ ಬ್ರಾಂಕಿಯೋಲೈಟಿಸ್ ಅಂದರು. ಶ್ವಾಸಕೋಶದ ಸಣ್ಣ ಸಣ್ಣ ನಾಳಗಳು ಊದಿಕೊಂಡು ಕಫ ಕಟ್ಟಿಕೊಳ್ಳೋದು. ವೈರಸ್‌ನಿಂದ ಬರುವುದರಿಂದ ಆಂಟಿಬಯೋಟಿಕ್ ಕೆಲಸ ಮಾಡಲ್ಲವಂತೆ. ಆಕ್ಸಿಜನ್ ಕೊಡಬೇಕು, ಮೂಗಿನ ಕಫ ತೆಗೀಬೇಕು, ಮಗು ಹಾಲು ಕುಡಿಯದಿದ್ದರೆ ಡ್ರಿಪ್ ಹಾಕಬೇಕು, ಕಾಯಬೇಕು. ಕಾಯೋದೇ ಚಿಕಿತ್ಸೆ ಅಂತ ಆವತ್ತು ನನಗೆ ಗೊತ್ತಾಯ್ತು.

ರಾತ್ರಿ ಮಗುವಿನ ಜೊತೆ ಒಬ್ಬರಿಗೇ ಪಾಸ್, ಅದೂ ತಾಯಿಗೆ. ನಮ್ಮವರು ಕೆಳಗೆ ಬೇರೆ ಅಪ್ಪಂದಿರ ಜೊತೆ ಚಾಪೆ ಹಾಸಿಕೊಂಡು ಮಲಗಿದ್ದರು. ಮಗಳ ಕಾಲಿನ ಹೆಬ್ಬೆರಳಿಗೆ ಕೆಂಪು ದೀಪದ ಒಂದು ಕ್ಲಿಪ್, ಅದರ ವೈರು ಮಾನಿಟರ್‌ಗೆ. 94, 93, 91. 90ಕ್ಕಿಂತ ಕೆಳಗೆ ಇಳಿದರೆ ಕೂಗುತ್ತೆ. ನಾನು ಪ್ರಾರ್ಥನೆ ಮಾಡ್ತಿದ್ದೆ ಅಂತ ನೀವು ಅಂದ್ಕೊಂಡಿರ್ತೀರಿ. ನಿಜ ಹೇಳ್ಬೇಕಂದ್ರೆ, ಆ ನಂಬರ್ ನೋಡ್ತಾ ಕೂತಿದ್ದೆ, ಮಧ್ಯೆ ಮಧ್ಯೆ ಯೇಸಪ್ಪಾ ಯೇಸಪ್ಪಾ ಅನ್ನುತ್ತಿದ್ದೆ, ಅಷ್ಟೇ. ಬೇರೆ ಪದ ಬರಲಿಲ್ಲ.

ಪಕ್ಕದ ಬೆಡ್‌ನಲ್ಲಿ ಮದ್ದೂರು ಕಡೆಯ ಒಬ್ಬ ಹುಡುಗಿ ಇದ್ದಳು, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಅವಳ ಮಗನಿಗೂ ಇದೇ ಕಾಯಿಲೆ, ಆದರೆ ಅವನಿಗೆ ಹುಟ್ಟಿನಿಂದ ಹೃದಯದಲ್ಲಿ ತೂತು. ಅಂಥ ಮಕ್ಕಳಿಗೆ ಈ ಕಾಯಿಲೆ ಬಹಳ ಜೋರಾಗಿ ಹಿಡಿಯುತ್ತೆ. ಕೆನ್ನೆಗೆ ದೃಷ್ಟಿಬೊಟ್ಟು, ದಿಂಬಿನ ಕೆಳಗೆ ವಿಭೂತಿ ಪೊಟ್ಟಣ. ನನ್ನ ಚಾರ್ಜರ್ ಇಸ್ಕೊಂಡಳು, ಹಾಗೇ ಇಬ್ಬರೂ ನಂಬರ್ ಬರ್ಕೊಂಡ್ವಿ. ಎರಡನೇ ರಾತ್ರಿ ಕೇಳಿದಳು: “ಅಕ್ಕಾ, ನೀವು ಏನೋ ಹೇಳ್ಕೋತಾ ಇದ್ದೀರಲ್ಲ, ನಮ್ ಮಗೀಗೂ ಒಂದ್ ಸಲ ಹೇಳ್ತೀರಾ?” ಎದ್ದು ಹೋಗಿ ಅವನ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ನನ್ನ ಮಗಳಿಗೆ ಬಾರದ ಪದಗಳು ಅವನಿಗೆ ಬಂದವು. ಅವಳು ಕೈಮುಗಿದು ನಿಂತಿದ್ದಳು.

ಅದೇ ರಾತ್ರಿ ಎರಡು ಗಂಟೆ ಹೊತ್ತಿಗೆ ಮಾನಿಟರ್ ಕೂಗಿತು. ಗಾಬರಿಯಿಂದ ಎದ್ದೆ. ನಮ್ಮದಲ್ಲ, ಪಕ್ಕದ್ದು. ಆ ಕ್ಷಣ ನನ್ನೊಳಗಿಂದ ಬಂದ ಮೊದಲ ಮಾತು “ಸ್ತೋತ್ರ ಕರ್ತನೇ.” ಅವಳು ನನ್ನಿಂದ ಮೂರಡಿ ದೂರದಲ್ಲಿ ಮಗನ ಹೆಸರು ಹಿಡಿದು ಕಿರುಚುತ್ತಿದ್ದಳು. ಸಿಸ್ಟರ್‌ಗಳು ಓಡಿಬಂದು ಮಗುವನ್ನು ಐಸಿಯುಗೆ ತಗೊಂಡು ಹೋದರು. ಮರುದಿನ ಮಧ್ಯಾಹ್ನ ಅವನು ತೀರಿಕೊಂಡ ಅಂತ ನೆಲ ಒರೆಸುವ ಅಮ್ಮ ಹೇಳಿದರು. ಸಂಜೆಯೊಳಗೆ ಆ ಬೆಡ್‌ಗೆ ಬೇರೆ ಮಗು ಬಂತು.

ನಾವು ಐದನೇ ದಿನ ಮನೆಗೆ ಬಂದ್ವಿ. ಪ್ರಾರ್ಥನಾ ಗುಂಪಿನ ತುಂಬ ಮೆಸೇಜು. ನಿಮ್ಮ ನಂಬಿಕೆಯನ್ನ ದೇವರು ಕಂಡನು, ಬಲವಾಗಿ ಬೇಡಿಕೊಂಡಿದ್ದಕ್ಕೆ ಮಗು ಉಳಿಯಿತು. ಪ್ರೀತಿಯಿಂದ ಬರೆದದ್ದೇ, ತಪ್ಪು ತಿಳ್ಕೋಬೇಡಿ. ಭಾನುವಾರ ಅಯ್ಯನವರು ಸಾಕ್ಷಿಗೆ ಕರೆದರು. ನಾನು ಏಳಲಿಲ್ಲ. ಕೃತಜ್ಞತೆ ಇಲ್ಲದೆ ಅಲ್ಲ. ಏಳೋಕೆ ಹೋದಾಗ ಆ ಹುಡುಗಿ ಕೊನೇ ಸಾಲಿನಲ್ಲಿ ಕೂತಿದ್ದಾಳೆ ಅನ್ನಿಸಿತು. “ಬೇಡಿಕೊಂಡಿದ್ದಕ್ಕೆ ಉಳಿಯಿತು” ಅಂತ ಮೈಕ್‌ನಲ್ಲಿ ಹೇಳಿದರೆ ಅವಳಿಗೆ ಏನು ಕೇಳಿಸುತ್ತೆ? ಅವಳ ಮಗನಿಗೂ ನಾನೇ ಬೇಡಿದ್ದೆನಲ್ಲ?

ಈಗ 12ನೇ ಅಧ್ಯಾಯ. ಇದರಲ್ಲಿ ನಮಗೆಲ್ಲ ಇಷ್ಟವಾದ ಕಥೆ ಪೇತ್ರನದು. ಸರಪಣಿ ಬಿದ್ದುಹೋಯಿತು, ಬಾಗಿಲು ತಾನಾಗಿ ತೆರೆಯಿತು, ಹಲ್ಲೆಲೂಯ. ಆದರೆ ಎರಡನೇ ವಚನ ನೋಡಿ. ಹೆರೋದನು ಯೋಹಾನನ ಅಣ್ಣ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿದ. ಒಂದೇ ಸಾಲು, ಮುಗೀತು. ಅದೇ ಸಭೆ, ಅದೇ ರಾಜ, ಅದೇ ದೇವರು. ಸಭೆ ಯಾಕೋಬನಿಗೋಸ್ಕರ ಪ್ರಾರ್ಥಿಸಲಿಲ್ಲ, ಅದಕ್ಕೇ ಸತ್ತ ಅಂತ ಪ್ರಸಂಗ ಮಾಡೋದನ್ನ ಕೇಳಿದ್ದೀನಿ. ವಾಕ್ಯ ಹಾಗೆ ಹೇಳೋದಿಲ್ಲ. ನಾವೇ ತುಂಬಿಸ್ತೀವಿ, ಖಾಲಿ ಜಾಗ ನಮಗೆ ಭಯ ಅದಕ್ಕೆ.

ಇನ್ನು ಪೇತ್ರನಿಗಾಗಿ ಪ್ರಾರ್ಥಿಸಿದವರ ನಂಬಿಕೆ ಎಷ್ಟಿತ್ತು? ಅವನು ಬಂದು ಬಾಗಿಲು ತಟ್ಟಿದಾಗ ರೋದೆ ಅನ್ನೋ ಹುಡುಗಿ ಓಡಿಹೋಗಿ ಹೇಳಿದರೆ, ನಿನಗೆ ಹುಚ್ಚು ಅಂದರು! ಪ್ರಾರ್ಥನೆಗೆ ಉತ್ತರ ಹೊರಗೆ ನಿಂತು ಬಾಗಿಲು ಬಡೀತಿದೆ, ಒಳಗೆ ಪ್ರಾರ್ಥನೆ ಮಾಡಿದವರೇ ನಂಬುತ್ತಿಲ್ಲ. ಅವರ ನಂಬಿಕೆಯ ಲೆಕ್ಕದಲ್ಲಿ ಪೇತ್ರ ಹೊರಗೆ ಬಂದ ಅಂತ ಹೇಗೆ ಹೇಳೋದು?

ನಾನು ಓದ್ತಾ ಓದ್ತಾ ಯೋಚಿಸಿದ್ದು ಯಾಕೋಬನ ತಾಯಿಯ ಬಗ್ಗೆ. ಜೆಬೆದಾಯನ ಹೆಂಡತಿ. ಶಿಲುಬೆಯನ್ನು ದೂರದಿಂದ ನೋಡುತ್ತಿದ್ದವರಲ್ಲೂ ಇದ್ದವಳು. ಆ ರಾತ್ರಿ ಮರಿಯಳ ಮನೆಯಲ್ಲಿ ಅವಳಿದ್ದಳು ಅಂತ ಬರೆದಿಲ್ಲ. ಇದ್ದಿದ್ದರೆ? ಪೇತ್ರ ಒಳಗೆ ಬರ್ತಾನೆ, ಎಲ್ಲರಿಗೂ ಕಣ್ಣೀರು, ಸಂತೋಷ. ಅವಳು ಗೋಡೆಗೆ ಒರಗಿ ಕೂತಿದ್ದಾಳೆ. ಪೇತ್ರ ಏನು ಮಾಡಿದ ನೋಡಿ. ಸುಮ್ಮನಿರಿ ಅಂತ ಕೈಸನ್ನೆ ಮಾಡಿದ. ಕರ್ತನು ತನ್ನನ್ನು ಸೆರೆಯಿಂದ ಹೇಗೆ ಹೊರಗೆ ತಂದ ಅಂತ ವಿವರಿಸಿದ. ಹೇಗೆ ಅಂತ ಮಾತ್ರ. ಯಾಕೋಬನಿಗೆ ಇಲ್ಲದ್ದು ತನಗೆ ಯಾಕೆ ಸಿಕ್ಕಿತು ಅಂತ ಒಂದು ಮಾತೂ ಇಲ್ಲ. ಹೇಳಿ ಹೊರಟುಹೋದ.

ದೇವರು ಸ್ವಸ್ಥ ಮಾಡ್ತಾನೆ ಅಂತ ನಾನು ನಂಬ್ತೀನಿ, ಆ ಐದು ದಿನ ಆದ ಮೇಲೂ. ನನ್ನ ಮಗಳ ಉಸಿರು ಕರ್ತನ ಕೈಯಿಂದ ಬಂದದ್ದು. ಆಕ್ಸಿಜನ್ ಕೊಟ್ಟ ಸಿಸ್ಟರ್‌ಗಳ ಕೈಯೂ ಅವನದೇ. ನನಗೆ ಹೇಳೋಕೆ ಆಗದೇ ಇರೋದು ಆ “ಅದಕ್ಕೇ” ಒಂದೇ. ಆ ಪದ ಹೇಳಿದ ತಕ್ಷಣ ಸ್ತೋತ್ರ ದೇವರನ್ನ ಬಿಟ್ಟು ನನಗೆ ಸಲ್ಲುತ್ತೆ, ಇನ್ನೊಬ್ಬ ತಾಯಿ ಮೇಲೆ ತಪ್ಪು ಬೀಳುತ್ತೆ. ಸಿಲೋವಾಮಿನ ಗೋಪುರ ಬಿದ್ದು ಸತ್ತ 18 ಜನರ ಬಗ್ಗೆ ಯೇಸು ಕೇಳಿದ್ದು ಇದನ್ನೇ: ಅವರು ಬೇರೆಯವರಿಗಿಂತ ಹೆಚ್ಚು ಅಪರಾಧಿಗಳಾ? ಅಲ್ಲ ಅಂತ ತಾನೇ ಉತ್ತರವನ್ನೂ ಕೊಟ್ಟ. ಎರಡು ಗಂಟೆ ರಾತ್ರಿಯ ನನ್ನ ಆ “ಸ್ತೋತ್ರ”ವನ್ನು ಕ್ಷಮಿಸು ಅಂತ ನಾನು ಇವತ್ತಿಗೂ ಕೇಳ್ತೀನಿ. ಅದು ಪಾಪವೋ, ಬರೀ ತಾಯಿಕರುಳೋ, ಕರ್ತನಿಗೇ ಗೊತ್ತು.

ಅವಳ ನಂಬರ್ ಫೋನ್‌ನಲ್ಲೇ ಇತ್ತು. ವರ್ಷಪೂರ್ತಿ ಮಾಡೋ ಧೈರ್ಯ ಬರಲಿಲ್ಲ. ಹೋದ ತಿಂಗಳು ಮಾಡಿದೆ. ಯಾರು ಅಂತ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮಗನ ಬಗ್ಗೆ ಮಾತಾಡಿದಳು. ಅವನ ಬಟ್ಟೆ ಇನ್ನೂ ಮಡಚಿ ಇಟ್ಟಿದ್ದಾಳಂತೆ. ನಾನು ಏನೂ ವಿವರಿಸಲಿಲ್ಲ, ಕೇಳಿಸಿಕೊಂಡೆ. ಆಮೇಲೆ ಅವಳೇ ಕೇಳಿದಳು: “ನಿಮ್ ಪಾಪು ನಡೀತಾಳಾ ಅಕ್ಕಾ?”

“ನಡೀತಾಳೆ ಕಣವ್ವಾ,” ಅಂದೆ. “ಹೋದ ವಾರದಿಂದ.”

ಎದ್ದು ನಿಲ್ಲೋಣ. ಆ ತಂಗಿಯ ಹೆಸರು ನಾನು ಹೇಳಲ್ಲ, ಕರ್ತನಿಗೆ ಗೊತ್ತಿದೆ. ಅವಳಿಗೋಸ್ಕರ ಪ್ರಾರ್ಥಿಸೋಣ.