ಬಿಟ್ಟುಹೋಗುವವರಿಗೆ ಸಿಗುವ ಮರ್ಯಾದೆ

ಎಂಟು ವರ್ಷ ಒಂದೇ ಮೊಬೈಲ್ ಕಂಪನಿಯ ಗ್ರಾಹಕನಾಗಿದ್ದೆ. ಅಷ್ಟೂ ವರ್ಷದಲ್ಲಿ ಅವರು ತಾವಾಗಿ ನನ್ನನ್ನು ವಿಚಾರಿಸಿಕೊಂಡದ್ದು ಒಮ್ಮೆ ಮಾತ್ರ, ನಾನು ಬಿಟ್ಟು ಹೊರಟ ದಿನ. 1900ಕ್ಕೆ ‘ಪೋರ್ಟ್’ ಎಂದು ಸಂದೇಶ ಕಳಿಸಿದ ಸ್ವಲ್ಪ ಹೊತ್ತಿಗೇ ಹುಡುಗಿಯೊಬ್ಬಳು ಕರೆ ಮಾಡಿ, ಕಡಿಮೆ ದರದ ಪ್ಯಾಕ್ ಕೊಡುತ್ತೇವೆ ಎಂದಳು. “ಇದನ್ನ ಮೊದಲೇ ಯಾಕೆ ಕೊಡಲಿಲ್ಲ?” ಎಂದೆ. “ಇದು ಬಿಟ್ಟು ಹೋಗ್ತಿರೋರಿಗೆ ಮಾತ್ರ ಸರ್” ಎಂದಳು. ಪಾಪ, ನಿಜವನ್ನೇ ಹೇಳಿದಳು.

ಹಾಗಾದರೆ ನಿಷ್ಠೆಗೆ ಬೆಲೆಯೇ ಇಲ್ಲವೇ? ಕೋಪ ಇಳಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ನನ್ನದು ನಿಷ್ಠೆಯಾಗಿತ್ತೇ, ಬರೀ ಸೋಮಾರಿತನವೇ? ಮೊದಲು ಕಂಪನಿ ಬಿಡುವುದೆಂದರೆ ನಂಬರನ್ನೂ ಬಿಡುವುದಾಗಿತ್ತು. ಬ್ಯಾಂಕಿನ ಪುಸ್ತಕದಲ್ಲಿ, ನೆಂಟರ ಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟ ಆ ಹತ್ತು ಅಂಕಿಗಳೇ ನಮ್ಮನ್ನು ಕಟ್ಟಿಹಾಕಿದ್ದವು. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2010ರ ನವೆಂಬರಿನಲ್ಲಿ ಹರಿಯಾಣದಲ್ಲಿ ಶುರುವಾಗಿ, 2011ರ ಜನವರಿ 20ರಿಂದ ಇಡೀ ದೇಶಕ್ಕೆ ಬಂತು. ಒಬ್ಬರ ಗ್ರಾಹಕರನ್ನು ಇನ್ನೊಬ್ಬರು ಸೆಳೆಯುವ ಪೈಪೋಟಿ ಬಿರುಸಾಯಿತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ದರ ಇಳಿದದ್ದರ ಲಾಭ ಉಂಡವರಲ್ಲಿ ನಾನೂ ಒಬ್ಬ. ಬಿಡುವ ಸ್ವಾತಂತ್ರ್ಯ ಸಣ್ಣದೆಂದು ನಾನು ಹೇಳಲಾರೆ.

ಆದರೆ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ 1970ರ ತನ್ನ ಪುಸ್ತಕದಲ್ಲಿ ಎತ್ತಿದ ತಕರಾರು ನನ್ನನ್ನು ಕಾಡುತ್ತದೆ. ಸಂಸ್ಥೆಯೊಂದು ಕೆಟ್ಟಾಗ ನಮಗಿರುವ ದಾರಿ ಎರಡು: ಬಿಟ್ಟುಹೋಗುವುದು, ಇಲ್ಲವೇ ಇದ್ದು ದನಿಯೆತ್ತುವುದು. ನೈಜೀರಿಯಾದಲ್ಲಿ ಲಾರಿಗಳ ಪೈಪೋಟಿಯಿದ್ದೂ ರೈಲ್ವೆ ಸುಧಾರಿಸದ್ದನ್ನು ಆತ ಕಂಡಿದ್ದ. ಗದ್ದಲ ಮಾಡಬಲ್ಲವರು ಲಾರಿಗಳತ್ತ ಹೋದರು. ರೈಲನ್ನು ಕೇಳುವವರೇ ಇಲ್ಲವಾದರು.

ಮಲೆನಾಡಿನ ನಮ್ಮೂರಿಗೆ ಸಿಗ್ನಲ್ ಬರುವುದು ಒಂದೇ ಕಂಪನಿಯದು, ನಾನು ಬಿಟ್ಟ ಅದೇ ಕಂಪನಿಯದು. ಅದೂ ಅಂಗಳದ ಮೂಲೆಯಲ್ಲಿ ನಿಂತರೆ ಮಾತ್ರ. ಕರೆಂಟು ಹೋದರೆ ಟವರೂ ಮಲಗುತ್ತದೆ. ಅಪ್ಪನಿಗೂ 1900ಕ್ಕೆ ಸಂದೇಶ ಕಳಿಸುವ ಹಕ್ಕಿದೆ, ಆದರೆ ಹೋಗಲು ಇನ್ನೊಂದು ಜಾಗವಿಲ್ಲ. ಬಿಟ್ಟುಹೋಗಲಾರದವನನ್ನು ಉಳಿಸಿಕೊಳ್ಳಲು ಯಾರೂ ಕರೆ ಮಾಡುವುದಿಲ್ಲ. ಟವರಿನ ಬಗ್ಗೆ ದೂರು ಕೊಡುತ್ತಿದ್ದವನು ನಾನು. ಈಗ ನಾನು ಅವರ ಗ್ರಾಹಕನೇ ಅಲ್ಲ.

ಬಿಟ್ಟದ್ದು ತಪ್ಪೆಂದು ಈಗಲೂ ಅನಿಸುತ್ತಿಲ್ಲ. ಆದರೆ ಬಿಟ್ಟು ಹೋಗಬಲ್ಲವನಿಗೆ, ಉಳಿದವರ ಒಂದು ಋಣ ಇದ್ದೇ ಇರುತ್ತದೆ. ಅವನು ಹೊರಟಾಗ ಮಾತ್ರ ಕಂಪನಿ ಕಿವಿಗೊಡುತ್ತದೆ. ಆ ಗಳಿಗೆಯಲ್ಲಿ ಅವನು ಯಾರ ಪರವಾಗಿ ಮಾತಾಡಿದ ಎಂಬುದೇ ಪ್ರಶ್ನೆ. ಅಂದು ಆ ಹುಡುಗಿಯೊಡನೆ ನಾನು ಮಾತಾಡಿದ್ದು ನನ್ನ ಪ್ಯಾಕಿನ ಬಗ್ಗೆ ಮಾತ್ರ. ಟವರಿನ ಮಾತು ನೆನಪಾದದ್ದು ಫೋನಿಟ್ಟ ಮೇಲೆ.

ಆ ವಾರ ಊರಿಗೆ ಫೋನು ಮಾಡಿ, ಕಂಪನಿ ಬದಲಿಸಿದೆ ಎಂದೆ.

“ನಂಬರ್ ಅದೇ ತಾನೇ?” ಎಂದರು ಅಪ್ಪ.

“ಅದೇ.”

“ಹಂಗಾದ್ರೆ ನಮಗೇನೂ ಬದಲಾಗ್ಲಿಲ್ಲ ಬಿಡು.”

ಅಷ್ಟರಲ್ಲಿ ಲೈನು ಕಡಿಯಿತು.