ತೊರೆದ ಉಡುಗೆ, ತೊರೆಯದ ಚಿತ್ರ

ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುಗಳ ಎಣಿಕೆಯಿಂದ ಅಳೆಯದೆ, ವಸ್ತುವಿನಲ್ಲಿ ಮನಸ್ಸು ಮೈಮರೆಯುವ ಮೂರ್ಛೆಯಿಂದ ಅಳೆದರು. ಈ ತತ್ತ್ವವನ್ನು ಒಪ್ಪುವುದು ಸುಲಭ. ಕಣ್ಣೆದುರಿನ ಒಂದು ಬಾಳಿಗೆ ಅನ್ವಯಿಸಿ ನೋಡುವುದು ಅಷ್ಟು ಸುಲಭವಲ್ಲ. ಇದ್ದ ಉಡುಗೆ ತೊಡುಗೆಗಳನ್ನೆಲ್ಲ ಕೊಟ್ಟುಬಿಟ್ಟವರು ಅಪರಿಗ್ರಹಿಗಳಾದರೆ? ಆಸ್ಟ್ರಿಯದ ಸಾಮ್ರಾಜ್ಞಿ ಎಲಿಸಬೆತಳ ಜೀವನವು ಈ ಪ್ರಶ್ನೆಯನ್ನು ವಿಲಕ್ಷಣವಾಗಿ ನಮ್ಮ ಮುಂದಿರಿಸುತ್ತದೆ.

1837ರಲ್ಲಿ ಬವೇರಿಯದ ರಾಜವಂಶದಲ್ಲಿ ಜನಿಸಿದ ಆಕೆ 1854ರಲ್ಲಿ, ಹದಿನಾರರ ಹರೆಯದಲ್ಲಿ, ಚಕ್ರವರ್ತಿ ಫ್ರಾನ್ಜ್ ಜೋಸೆಫನ ಕೈಹಿಡಿದು ವಿಯೆನ್ನಾಕ್ಕೆ ಬಂದಳು. ಇಂದು ಜಗತ್ತು ಆಕೆಯನ್ನು ಬಲ್ಲದ್ದು 1865ರಲ್ಲಿ ಜರ್ಮನ್ ಕಲಾವಿದ ವಿಂಟರ್‌ಹಾಲ್ಟರ್ ರಚಿಸಿದ ಚಿತ್ರದಿಂದ. ನಕ್ಷತ್ರಗಳು ಮಿನುಗುವ ಬಿಳಿಯ ನಿಲುವಂಗಿ, ಹೆಣೆದ ಕಪ್ಪುಗೂದಲಿನಲ್ಲಿ ವಜ್ರದ ತಾರೆಗಳು, ಭುಜದ ಮೇಲಿಂದ ನೋಡುಗನತ್ತ ಹೊರಳಿದ ಮುಖ. ಮುಡಿ ಬಿಚ್ಚಿದ ಭಂಗಿಯ ಚಿತ್ರಗಳನ್ನೂ ಅದೇ ಕಲಾವಿದ ಬರೆದ. 1867ರ ಜೂನ್ 8ರಂದು ಹಂಗೇರಿಯ ರಾಣಿಯಾಗಿ ಕಿರೀಟ ಧರಿಸಿದಾಗ ಪ್ಯಾರಿಸ್ಸಿನ ವರ್ತ್ ಸಿದ್ಧಪಡಿಸಿದ, ಹಂಗೇರಿಯ ಶೈಲಿಯ ಉಡುಪನ್ನು ಆಕೆ ತೊಟ್ಟಿದ್ದಳು. ಮುನಿದಿದ್ದ ದೇಶವೊಂದನ್ನು ಒಲಿಸಿಕೊಳ್ಳುವ ರಾಜಕಾರಣದಲ್ಲಿ ಆ ಉಡುಪಿಗೂ ಪಾತ್ರವಿತ್ತು. ಆದ್ದರಿಂದ ಅರಮನೆಯ ಉಡುಗೆಯನ್ನೆಲ್ಲ ಆಕೆಯ ಬಯಕೆಯ ಖಾತೆಗೆ ಬರೆಯುವುದು ನ್ಯಾಯವಾಗದು. ಅದರಲ್ಲಿ ಬಹುಪಾಲು ಪದವಿಯ ಕಟ್ಟಳೆ.

ಆದರೆ ಶರೀರದ ಆರೈಕೆ ಯಾರ ಕಟ್ಟಳೆಯೂ ಆಗಿರಲಿಲ್ಲ. ಹಿಮ್ಮಡಿಯವರೆಗೆ ಇಳಿಯುತ್ತಿದ್ದ ಕೇಶರಾಶಿಯನ್ನು ಬಾಚಿ ಹೆಣೆಯಲು ದಿನವೂ ಎರಡು ಮೂರು ಗಂಟೆಗಳು ಬೇಕಾಗುತ್ತಿದ್ದವು. ತೊಳೆಯುವ ದಿನ ಬೇರಾವ ಕೆಲಸವೂ ಇಲ್ಲ. ಬಾಚುವಾಗ ಉದುರಿದ ಕೂದಲನ್ನು ಬೆಳ್ಳಿಯ ಪಾತ್ರೆಯಲ್ಲಿಟ್ಟು ಆಕೆಗೆ ತೋರಿಸಬೇಕಾಗಿತ್ತೆಂದು, ಆಕೆಗೆ ಗ್ರೀಕ್ ಕಲಿಸಿದ ಕ್ರಿಸ್ಟೊಮಾನೋಸ್ ಬರೆದಿಟ್ಟಿದ್ದಾರೆ. ಕೇಶಲೋಚವನ್ನು ಕಣ್ಣಾರೆ ಕಂಡ ಶ್ರಾವಕರಿಗೆ ಈ ಬೆಳ್ಳಿಯ ಪಾತ್ರೆ ಏನನ್ನು ಹೇಳುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ತನ್ನ ಕೈಯಿಂದಲೇ ಕಿತ್ತೆಸೆಯುವ ಕೂದಲು, ಇಲ್ಲಿ ಒಂದೊಂದಾಗಿ ಲೆಕ್ಕಕ್ಕೆ ಬರುವ ಕೂದಲು.

ಆಹಾರದ ವಿಷಯವೂ ಹೀಗೆಯೇ. ಸುಮಾರು 172 ಸೆಂಟಿಮೀಟರ್ ಎತ್ತರದ ಆಕೆ ತನ್ನ ತೂಕವನ್ನು 50 ಕಿಲೋಗ್ರಾಂ ಆಸುಪಾಸಿನಲ್ಲೇ ಹಿಡಿದಿಟ್ಟಳು. ಅದಕ್ಕಾಗಿ ಕೆಲವು ದಿನ ಬರಿಯ ಹಾಲು, ಕೆಲವು ದಿನ ಕಿತ್ತಳೆ. ಹಿಂಡಿ ತೆಗೆದ ಮಾಂಸರಸವೂ ಇತ್ತೆಂಬುದನ್ನು ಮುಚ್ಚಿಡುವಂತಿಲ್ಲ. ಹೊರನೋಟಕ್ಕೆ ಇದು ಅನಶನ, ಊನೋದರಗಳನ್ನು ಹೋಲುತ್ತದೆ. ಹಸಿವು ಎರಡೆಡೆಯೂ ಒಂದೇ, ಭಾವ ಬೇರೆ. ತಪಸ್ವಿಯ ಉಪವಾಸವು ಕರ್ಮನಿರ್ಜರೆಯನ್ನು ಉದ್ದೇಶಿಸಿದರೆ, ಈ ಉಪವಾಸವು ಸೊಂಟದ ಅಳತೆಯನ್ನು ಉದ್ದೇಶಿಸಿತ್ತು. ಸಮಂತಭದ್ರಾಚಾರ್ಯರು ಎಣಿಸಿದ ಎಂಟು ಮದಗಳಲ್ಲಿ ದೇಹದ ಮದವೂ ಒಂದು. ಅದು ದೇಹವನ್ನು ಉಪಚರಿಸುವಷ್ಟೇ ಶ್ರದ್ಧೆಯಿಂದ ದೇಹವನ್ನು ದಂಡಿಸಬಲ್ಲುದು.

ಮೂವತ್ತು ದಾಟಿದ ಕೆಲಕಾಲದಲ್ಲಿ ಆಕೆ ಛಾಯಾಚಿತ್ರಕಾರರ ಮುಂದೆ ಕುಳಿತುಕೊಳ್ಳುವುದನ್ನೇ ನಿಲ್ಲಿಸಿದಳು. ಹೊರಗೆ ಹೋದರೆ ಬೀಸಣಿಗೆಯೋ ಕೊಡೆಯೋ ಮುಖಕ್ಕೆ ಮರೆ. ಆಮೇಲೆ ಪ್ರಕಟವಾದ ಚಿತ್ರಗಳು ಬಹುಮಟ್ಟಿಗೆ ಹಳೆಯ ಛಾಯಾಚಿತ್ರಗಳನ್ನು ತಿದ್ದಿ ಮಾಡಿದವು. ವಯಸ್ಸಾಗುತ್ತಿದ್ದ ಹೆಣ್ಣಿನ ಜಾಗದಲ್ಲಿ ವಯಸ್ಸಾಗದ ಚಿತ್ರವೊಂದು ನಿಂತಿತು. ನೀಲಾಂಜನೆಯ ಪ್ರಸಂಗ ಇಲ್ಲಿ ನೆನಪಿಗೆ ಬಾರದಿರದು. ಕುಣಿಯುತ್ತಿದ್ದಂತೆಯೇ ಆಕೆಯ ಆಯುಷ್ಯ ಮುಗಿಯಿತು. ರಸಭಂಗವಾಗದಂತೆ ಇಂದ್ರನು ಅಂಥದೇ ಇನ್ನೊಂದು ರೂಪವನ್ನು ತತ್‌ಕ್ಷಣ ನಿಲ್ಲಿಸಿದ. ಸಭೆಗೆ ತಿಳಿಯಲಿಲ್ಲ, ಪುರುದೇವನಿಗೆ ತಿಳಿಯಿತು, ಆತ ವಿರಕ್ತನಾದ. ವಿಯೆನ್ನಾದಲ್ಲಿ ನೀಲಾಂಜನೆಯೂ ಇಂದ್ರನೂ ಒಬ್ಬಳೇ. ರೂಪದ ಅನಿತ್ಯತೆಯನ್ನು ಆಕೆಯಷ್ಟು ಚೆನ್ನಾಗಿ ಅರಿತವರು ಆ ಆಸ್ಥಾನದಲ್ಲಿ ಇನ್ನೊಬ್ಬರಿರಲಿಲ್ಲವೇನೋ. ಆ ಅರಿವು ಆಕೆಯನ್ನು ಬಿಡುಗಡೆ ಮಾಡುವ ಬದಲು ಕಾವಲಿಗೆ ನಿಲ್ಲಿಸಿತು.

1889ರ ಜನವರಿ 30ರಂದು ಮಗ ರುಡಾಲ್ಫನು ಮೇಯರ್ಲಿಂಗಿನಲ್ಲಿ ಪ್ರಾಣ ಕಳೆದುಕೊಂಡ. ಅಲ್ಲಿಂದಾಚೆಗೆ ತಾಯಿ ಕಪ್ಪು ಬಟ್ಟೆಯಲ್ಲೇ ಉಳಿದಳು. ಬಣ್ಣದ ಉಡುಗೆಗಳನ್ನೂ ಒಡವೆಗಳನ್ನೂ ಹೆಣ್ಣುಮಕ್ಕಳಿಗೆ ಹಂಚಿದಳು. ಇದನ್ನು ಬೂಟಾಟಿಕೆಯೆನ್ನುವವರು ಪುತ್ರಶೋಕವನ್ನು ಅರಿಯದವರು. ದಾನ ನಿಜ, ದುಃಖ ನಿಜ. ಬಾಹ್ಯ ಪರಿಗ್ರಹದ ದೊಡ್ಡ ಹೊರೆಯೊಂದು ಅಂದು ನಿಜವಾಗಿಯೂ ಇಳಿಯಿತು. ಆದರೆ ಬೀಸಣಿಗೆ ಕೈಯಿಂದ ಇಳಿಯಲಿಲ್ಲ. ನಕ್ಷತ್ರದ ಉಡುಪನ್ನು ಬಿಟ್ಟವಳಿಗೆ ಆ ಉಡುಪಿನ ಚಿತ್ರವನ್ನು ಬಿಡಲಾಗಲಿಲ್ಲ; ಶಾಸ್ತ್ರಕಾರರು ಅಂತರಂಗ ಪರಿಗ್ರಹವನ್ನು ಬೇರೆಯಾಗಿಯೇ ಹೆಸರಿಸಿದ್ದರ ಔಚಿತ್ಯ ಇಲ್ಲಿ ತಿಳಿಯುತ್ತದೆ.

ಹಾಗೆಂದು ದೋಷವೆಲ್ಲ ಆಕೆಯೊಬ್ಬಳದೇ? ತಾನು ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಎಂಬ ಮೂರು ಬಾಗಿಲುಗಳಿಂದ ಕರ್ಮವು ಬರುತ್ತದೆ. ಹದಿನಾರರ ಹುಡುಗಿಯನ್ನು ನೋಟಕ್ಕೆ ನಿಲ್ಲಿಸಿದ ಆಸ್ಥಾನ, ಆ ರೂಪವನ್ನಷ್ಟೇ ಕೇಳಿದ ಜನ, ಇವರೆಲ್ಲ ಅನುಮೋದಕರೇ. ಆ ಅನುಮೋದನೆ ಮುಗಿದಿಲ್ಲ. 2004ರಲ್ಲಿ ವಿಯೆನ್ನಾದ ಹೋಫ್‌ಬುರ್ಗ್ ಅರಮನೆಯಲ್ಲಿ ಆಕೆಯ ಹೆಸರಿನ ಮ್ಯೂಸಿಯಂ ತೆರೆಯಿತು. ಅಲ್ಲಿನ ಅಂಗಡಿಗಳ ಮಿಠಾಯಿ ಡಬ್ಬಿಗಳ ಮೇಲೂ ವಿಂಟರ್‌ಹಾಲ್ಟರನ ಅದೇ ಮುಖ.

1898ರ ಸೆಪ್ಟೆಂಬರ್ 10ರಂದು, ಅರುವತ್ತರ ವಯಸ್ಸಿನಲ್ಲಿ, ಆಕೆ ಜಿನೀವಾದ ಸರೋವರದ ದಂಡೆಯಲ್ಲಿ ಹಡಗಿನೆಡೆಗೆ ನಡೆಯುತ್ತಿದ್ದಾಗ ಲುಯಿಜಿ ಲುಕೇನಿ ಎಂಬವನು ಹರಿತಗೊಳಿಸಿದ ಅರದಿಂದ ಎದೆಗೆ ಇರಿದ. ಬಿದ್ದವಳು ಎದ್ದು ಹಡಗನ್ನೇರಿದಳು. ಕಪ್ಪು ಉಡುಪಿನ ಒಳಗೆ ಸೊಂಟಪಟ್ಟಿಯನ್ನು ಎಂದಿನಂತೆ ಬಿಗಿದಿತ್ತು. ರಕ್ತ ಹೊರಗೆ ಕಾಣಿಸಲಿಲ್ಲ. ಪ್ರಜ್ಞೆ ತಪ್ಪಿದ ಮೇಲೆ ಸಂಗಾತಿಯು ಅದರ ದಾರಗಳನ್ನು ಸಡಿಲಿಸಿದಾಗಲೇ ಗಾಯ ಕಣ್ಣಿಗೆ ಬಿದ್ದದ್ದು.