ಹೃದಯ ಕಲ್ಲಾಗುವುದು ಯಾವಾಗ?



‘ಕಲ್ಲೆದೆಯವನು’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಮುಂದೆ ನಿಲ್ಲುವವನು ಯಾರು? ಕ್ರೂರಿ, ಕೊಲೆಗಡುಕ, ದೈವಭಯವಿಲ್ಲದವನು. ಭಾನುವಾರದ ಬಲಿಪೂಜೆಯನ್ನಾಗಲಿ ಮನೆಯ ಜಪಸರ ಪ್ರಾರ್ಥನೆಯನ್ನಾಗಲಿ ತಪ್ಪಿಸದ ನಮ್ಮ ಮುಖ ಅಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಆದರೆ ಸಂತ ಮಾರ್ಕನ ಶುಭಸಂದೇಶವನ್ನು ನಿಧಾನವಾಗಿ ಓದಿದವರಿಗೆ ಒಂದು ಸಂಗತಿ ಅಚ್ಚರಿ ತರುತ್ತದೆ. ಮೂರನೆಯ ಅಧ್ಯಾಯದಲ್ಲಿ, ಕೈ ಬತ್ತಿದ್ದವನು ಸಬ್ಬತ್ ದಿನ ಗುಣ ಹೊಂದುವುದನ್ನು ಸಹಿಸದವರ ಹೃದಯಕಾಠಿಣ್ಯವನ್ನು ಕಂಡು ಯೇಸು ನೊಂದುಕೊಳ್ಳುತ್ತಾರೆ. ಆರನೆಯ ಹಾಗೂ ಎಂಟನೆಯ ಅಧ್ಯಾಯಗಳಿಗೆ ಬರುವಾಗ ಅದೇ ಕಾಠಿಣ್ಯದ ಮಾತು ಪ್ರಭುವಿನ ಸ್ವಂತ ಶಿಷ್ಯರ ಕುರಿತಾಗಿಯೇ ಬರುತ್ತದೆ. ಐದು ರೊಟ್ಟಿಗಳನ್ನು ಐದು ಸಾವಿರ ಮಂದಿಗೆ ತಮ್ಮ ಕೈಯಾರೆ ಹಂಚಿದವರು ಅವರೇ ಅಲ್ಲವೇ!

ಹಾಗಾದರೆ ದೇವರಿಗೆ ಅಷ್ಟು ಸಮೀಪದಲ್ಲಿರುವವರ ಹೃದಯವೂ ಕಲ್ಲಾಗಬಲ್ಲದೇ? ಆಗಬಲ್ಲದಾದರೆ, ಅದು ಅವರಿಗೆ ತಿಳಿಯುವುದಾದರೂ ಹೇಗೆ?

ನಮ್ಮ ಆಡುಮಾತಿನಲ್ಲಿ ಹೃದಯವೆಂದರೆ ಭಾವನೆಗಳ ತವರು. ಬೈಬಲಿನ ಹಿಬ್ರೂ ಭಾಷೆಯಲ್ಲಿ ಹೃದಯವನ್ನು ಸೂಚಿಸುವ ‘ಲೇವ್’ ಎಂಬ ಪದದ ಹರವು ಇದಕ್ಕಿಂತ ದೊಡ್ಡದು. ಮನುಷ್ಯನು ಆಲೋಚಿಸುವುದು, ಅರಿಯುವುದು, ತೀರ್ಮಾನಿಸುವುದು ಎಲ್ಲವೂ ಅಲ್ಲಿಯೇ. ಆದ್ದರಿಂದ ಕಣ್ಣು ತೇವಗೊಂಡಿತೆಂದ ಮಾತ್ರಕ್ಕೆ ಹೃದಯ ಮೃದುವಾಗಿದೆಯೆಂದು ಹೇಳುವಂತಿಲ್ಲ. ಶುಭ ಶುಕ್ರವಾರದ ಶಿಲುಬೆ ಹಾದಿಯಲ್ಲಿ ಗದ್ಗದಿತರಾದವರೇ, ಆಸ್ತಿಪಾಲಿನ ಜಗಳದಿಂದ ಮಾತು ಬಿಟ್ಟ ಒಡಹುಟ್ಟಿದವರನ್ನು ದೇವಾಲಯದ ಬಾಗಿಲಲ್ಲಿ ಕಂಡೂ ಕಾಣದಂತೆ ಹೋಗಬಲ್ಲರು. ಅತ್ತದ್ದು ಸುಳ್ಳಲ್ಲ, ಆದರೆ ತೀರ್ಮಾನ ಮಾಡುವ ಸ್ಥಳಕ್ಕೆ ಆ ಕಣ್ಣೀರು ಇಳಿದಿಲ್ಲ.

ಹೃದಯ ಒಂದೇ ದಿನದಲ್ಲಿ ಕಲ್ಲಾಗುವುದಿಲ್ಲ. ವಿಮೋಚನಾಕಾಂಡದ ಫರೋಹನನ್ನು ನೋಡಿರಿ. ಬಾಧೆ ಬಂದಾಗ ಮಾತು ಕೊಡುತ್ತಾನೆ. ಬಾಧೆ ತೊಲಗಿದೊಡನೆ ಮಾತು ಮುರಿಯುತ್ತಾನೆ. ಅವನ ಹೃದಯವನ್ನು ಕಠಿಣಪಡಿಸಿದವರು ದೇವರೇ ಎಂದೂ ಆ ಗ್ರಂಥ ಹೇಳುವುದರಿಂದ, ಅವನದೇನು ತಪ್ಪು ಎಂದು ಕೇಳುವವರುಂಟು. ಆದರೆ ವೃತ್ತಾಂತದ ಕ್ರಮವನ್ನು ಗಮನಿಸಬೇಕು. ಹೀಗಾಗುವುದೆಂದು ದೇವರು ಮೋಶೆಗೆ ಮೊದಲೇ ತಿಳಿಸಿದ್ದರೂ, ಮೊದಲ ಐದು ಬಾಧೆಗಳಲ್ಲಿ ಫರೋಹನ ಹೃದಯ ಕಠಿಣವಾಯಿತು, ಅಥವಾ ಅವನೇ ಅದನ್ನು ಕಠಿಣಪಡಿಸಿಕೊಂಡನು ಎಂದಷ್ಟೇ ಇದೆ. ದೇವರು ಕಠಿಣಪಡಿಸಿದರೆಂಬ ಮಾತು ಬರುವುದು ಆರನೆಯ ಬಾಧೆಯಲ್ಲಿ. ಮೂರನೆಯ ಶತಮಾನದ ದೈವಶಾಸ್ತ್ರಜ್ಞ ಒರಿಗೆನ್ ಇದಕ್ಕೆ ಕೊಟ್ಟ ಹೋಲಿಕೆ ಇಂದಿಗೂ ಹಳತಾಗಿಲ್ಲ: ಒಂದೇ ಸೂರ್ಯನ ಶಾಖಕ್ಕೆ ಮೇಣ ಕರಗುತ್ತದೆ, ಮಣ್ಣು ಗಟ್ಟಿಯಾಗುತ್ತದೆ. ಅದೇ ದೇವರ ವಾಕ್ಯ, ಅದೇ ಪರಮಪ್ರಸಾದ ನಮ್ಮನ್ನು ಕರಗಿಸಲೂಬಹುದು. ಪ್ರತಿ ವಾರ ಕೇಳಿಯೂ ‘ಇದು ನನಗಲ್ಲ’ ಎಂದು ದಾಟಿಹೋಗುವವರನ್ನು ಅದು ಇನ್ನಷ್ಟು ಒಣಗಿಸಲೂಬಹುದು.

ಇನ್ನೂ ಒಂದು ಸತ್ಯವನ್ನು ದಾವೀದನಿಂದ ಕಲಿಯುತ್ತೇವೆ. ಊರೀಯನ ಪತ್ನಿಯನ್ನು ತನ್ನವಳಾಗಿಸಿಕೊಂಡು, ಊರೀಯನನ್ನು ಯುದ್ಧದಲ್ಲಿ ಸಾಯಗೊಡಿಸಿ, ಮಗು ಹುಟ್ಟುವವರೆಗೂ ಅವನು ನಿಶ್ಚಿಂತನಾಗಿದ್ದನು. ಆದರೆ ಬಡವನ ಏಕೈಕ ಕುರಿಮರಿಯನ್ನು ಕಿತ್ತುಕೊಂಡ ಸಿರಿವಂತನ ಕಥೆಯನ್ನು ಪ್ರವಾದಿ ನಾತಾನನು ಹೇಳಿದಾಗ ದಾವೀದನಿಗೆ ಕಡುಕೋಪ ಬಂತು. ಅವನ ನ್ಯಾಯಪ್ರಜ್ಞೆ ಸತ್ತಿರಲಿಲ್ಲ. ತನ್ನ ಒಂದು ಪಾಪದ ಸುತ್ತ ಮಾತ್ರ ಅದು ಮರಗಟ್ಟಿತ್ತು. ನಮ್ಮ ಹೃದಯವೂ ಸಾಮಾನ್ಯವಾಗಿ ಹೀಗೆ ಒಂದೇ ಮೂಲೆಯಲ್ಲಿ ಕಲ್ಲಾಗಿರುತ್ತದೆ. ಉಳಿದೆಡೆಯ ಮೃದುತ್ವವೇ ಆ ಮೂಲೆಯನ್ನು ಮರೆಮಾಡುತ್ತದೆ. ಮರಗಟ್ಟಿದ ಜಾಗ ನೋಯುವುದಿಲ್ಲವಾದ್ದರಿಂದ ಅದನ್ನು ತೋರಿಸಲು ಒಬ್ಬ ನಾತಾನ ಬೇಕು. ನಿಮ್ಮ ಮನೆಯಲ್ಲಿ ಆ ನಾತಾನ ನಿಮ್ಮ ಪತ್ನಿಯಾಗಿರಬಹುದು, ಪತಿಯಾಗಿರಬಹುದು, ‘ಚಿಕ್ಕಪ್ಪನ ಮನೆಗೆ ನಾವೇಕೆ ಹೋಗುವುದಿಲ್ಲ?’ ಎಂದು ಕೇಳುವ ಮಗುವಾಗಿರಬಹುದು. ‘ಸುಮ್ಮನಿರು’ ಎಂದು ಗದರಿಸುವ ಮುನ್ನ ಒಂದು ಕ್ಷಣ ತಡೆಯಿರಿ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪಣೆಯಿದೆ. ಅನ್ಯಾಯಕ್ಕೊಳಗಾಗಿ, ಬಾಸುಂಡೆ ತಿಂದು, ವಂಚನೆಯುಂಡು ಬಿಗಿದುಕೊಂಡ ಹೃದಯಗಳಿಗೂ ಕಲ್ಲೆಂಬ ಹೆಸರೇ? ಅಲ್ಲ. ಗಾಯಕ್ಕೂ ಕಾಠಿಣ್ಯಕ್ಕೂ ವ್ಯತ್ಯಾಸವಿದೆ, ಗಾಯ ನೋಯುತ್ತದೆ. 1992ರಲ್ಲಿ ಘೋಷಿತವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು, ಆದ ನೋವನ್ನು ಅನುಭವಿಸದಿರುವುದಾಗಲಿ ಮರೆಯುವುದಾಗಲಿ ನಮ್ಮ ಶಕ್ತಿಗೆ ಮೀರಿದ್ದೆಂದು ಒಪ್ಪಿಕೊಳ್ಳುತ್ತದೆ. ಆ ನೋವನ್ನು ಪವಿತ್ರಾತ್ಮರಿಗೆ ಒಪ್ಪಿಸಿಕೊಟ್ಟ ಹೃದಯದಲ್ಲಿ ಅದು ಕರುಣೆಯಾಗಿ, ಪ್ರಾರ್ಥನೆಯಾಗಿ ಮಾರ್ಪಡುತ್ತದೆಂದು ಬೋಧಿಸುತ್ತದೆ. ಕ್ಷಮಿಸುವುದೆಂದರೆ ಹೊಡೆಯುವವನ ಕೈಗೆ ಮತ್ತೆ ಸಿಕ್ಕಿಬೀಳುವುದಲ್ಲ, ನ್ಯಾಯವನ್ನು ಬಿಟ್ಟುಕೊಡುವುದೂ ಅಲ್ಲ. ಅವನ ಕೇಡನ್ನು ಬಯಸುವುದಿಲ್ಲವೆಂಬ ತೀರ್ಮಾನ ಅದು. ಆ ತೀರ್ಮಾನವನ್ನು ಪ್ರತಿದಿನ ಹೊಸದಾಗಿ ಮಾಡಬೇಕಾಗಿ ಬಂದರೂ ಅದು ಕ್ಷಮೆಯೇ.

ಆದರೆ ಕಲ್ಲು ತನ್ನನ್ನು ತಾನೇ ಮೃದುಗೊಳಿಸಿಕೊಳ್ಳಲಾರದು. ಬಾಬಿಲೋನಿನಲ್ಲಿ ಸೆರೆಯಾಳುಗಳಾಗಿದ್ದ ಜನರಿಗೆ ದೇವರು ಪ್ರವಾದಿ ಯೆಜೆಕಿಯೇಲನ ಮೂಲಕ ವಾಗ್ದಾನ ಮಾಡಿದ್ದು ಕಲ್ಲನ್ನು ಒರೆಸಿ ನಯಗೊಳಿಸುವುದನ್ನಲ್ಲ, ಹೃದಯವನ್ನೇ ಬದಲಿಸಿಕೊಡುವುದನ್ನು. 1673ರಲ್ಲಿ ಫ್ರಾನ್ಸಿನ ಪಾರೆ-ಲೆ-ಮೊನಿಯಲ್ ಕನ್ಯಾಮಠದಲ್ಲಿ ಸಂತ ಮಾರ್ಗರೆಟ್ ಮೇರಿ ದರ್ಶನದಲ್ಲಿ ಕಂಡದ್ದು ಪ್ರೀತಿಯಿಂದ ಉರಿಯುವ, ಗಾಯಗೊಂಡ ಹೃದಯವನ್ನು. 2024ರ ಅಕ್ಟೋಬರ್ 24ರಂದು ಜಗದ್ಗುರು ಫ್ರಾನ್ಸಿಸ್‌ರವರು ತಮ್ಮ ಕೊನೆಯ ವಿಶ್ವಪರಿಪತ್ರವನ್ನು ಅದೇ ಹೃದಯದ ಕುರಿತು ಹೊರಡಿಸಿದರು. ನಮ್ಮ ಮನೆಗಳ ಗೋಡೆಯ ಮೇಲಿನ ಯೇಸುವಿನ ಪವಿತ್ರ ಹೃದಯದ ಚಿತ್ರವೂ ಗಾಯವನ್ನು ಮುಚ್ಚಿಕೊಂಡಿಲ್ಲ. ನೋವುಂಡೂ ಮುಚ್ಚಿಕೊಳ್ಳದ ಹೃದಯವೆಂದರೆ ಅದೇ.

ಇಂದು ರಾತ್ರಿ ಆ ಚಿತ್ರದ ಮುಂದೆ ಮೊಣಕಾಲೂರಿದಾಗ, ಆತ್ಮೀಯರೇ, ನಿಮ್ಮನ್ನು ನೀವೇ ಕೇಳಿಕೊಳ್ಳಿರಿ: ಯಾರ ಹೆಸರು ನನ್ನ ಪ್ರಾರ್ಥನೆಯಲ್ಲಿ ಎಂದೂ ಬರುವುದಿಲ್ಲ? ನೆನಪಾದ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿರಿ. ಪ್ರೀತಿ ಉಕ್ಕಿ ಬರಲಿಕ್ಕಿಲ್ಲ, ಗಂಟಲು ಬಿಗಿದುಕೊಳ್ಳಬಹುದು. ಚಿಂತಿಸಬೇಡಿ. ನೋಯತೊಡಗಿದ ಹೃದಯಕ್ಕೆ ಜೀವ ಮರಳುತ್ತಿದೆ.